ಯೂರಿಯಾ ಚೀಲ ಮತ್ತು ಒಂದು ಸೀಸೆ ಆಮ್ಲ

ಹತ್ತನೇ ತರಗತಿಯ ಕಾರ್ಬನ್ ಪಾಠ ಶುರುವಾದ ದಿನ. ಕರಿಹಲಗೆಯ ಮೇಲೆ ‘ಸಾವಯವ ರಸಾಯನಶಾಸ್ತ್ರ’ ಎಂದು ದಪ್ಪಕ್ಷರದಲ್ಲಿ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತ್ತು.

“ಮೇಡಂ, ಸಾವಯವ ಎಂದರೆ ರಾಸಾಯನಿಕ ಹಾಕದೆ ಬೆಳೆದದ್ದು ಅಲ್ಲವೇ? ಹಾಗಾದರೆ ಇದು ರಾಸಾಯನಿಕ ಇಲ್ಲದ ರಸಾಯನಶಾಸ್ತ್ರವೇ?”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಮಾತ್ರ ನಗಲಿಲ್ಲ. ಅವನು ತಮಾಷೆಗೆ ಕೇಳಿರಲಿಲ್ಲ. ಮಡಿಕೇರಿಗೆ ಹೋಗುವ ರಸ್ತೆಯುದ್ದಕ್ಕೂ ‘ಸಾವಯವ ಕಾಫಿ’, ‘ಸಾವಯವ ಜೇನು’, ‘ಸಾವಯವ ಕಾಳುಮೆಣಸು’ ಎಂಬ ಫಲಕಗಳನ್ನು ನೋಡುತ್ತಲೇ ಬೆಳೆದ ಹುಡುಗ. ಅವನ ಅಪ್ಪ ತೋಟಕ್ಕೆ ಗೊಬ್ಬರದ ಚೀಲ ತರುವುದನ್ನು ನಿಲ್ಲಿಸಿ ಏಳು ವರ್ಷವಾಗಿತ್ತು. ಆ ಮನೆಯಲ್ಲಿ ‘ಸಾವಯವ’ ಎನ್ನುವುದು ದಿನಬಳಕೆಯ ಮಾತು, ಅದಕ್ಕೊಂದು ಬೆಲೆಯೂ ಉಂಟು. ‘ರಾಸಾಯನಿಕ’ ಎನ್ನುವುದು ಬೈಗುಳಕ್ಕೆ ಹತ್ತಿರದ ಪದ. ನಾನು ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, ಅಡಿಗೆರೆ ಬೇರೆ ಎಳೆದಿದ್ದೆ.

ನಾನು ಹಿರಿಯೂರು ಕಡೆಯವಳು. ಕೊಡಗಿಗೆ ವರ್ಗವಾಗಿ ಬರುವ ಮೊದಲು ಆರು ವರ್ಷ ಅಲ್ಲೇ ಇದೇ ಪಾಠ ಮಾಡಿದ್ದೆ. ಅಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ವ್ಯಾಖ್ಯೆ ಬರೆಸುತ್ತಿದ್ದೆ, ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಿದ್ದರು. ಅದನ್ನೇ ಕಲಿಕೆ ಎಂದು ನಾನೂ ನಂಬಿದ್ದೆ.

ಮಾರನೆಯ ದಿನ ಪಕ್ಕದ ಮನೆಯವರ ಕೊಟ್ಟಿಗೆಯಿಂದ ಒಂದು ಖಾಲಿ ಯೂರಿಯಾ ಚೀಲ ಕೇಳಿ ತಂದೆ. ಒಣ ತರಗು ತುಂಬಿಡಲು ಇಟ್ಟುಕೊಂಡಿದ್ದ ಚೀಲ. ಕೊಡುವಾಗ ಅವರು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು. ಅದನ್ನು ಮೇಜಿನ ಮೇಲೆ ಹರಡಿ, ಅದರ ಮೇಲಿದ್ದುದನ್ನೆಲ್ಲ ಮಕ್ಕಳಿಂದ ಓದಿಸಿದೆ. ಬೇವು ಲೇಪಿತ. 45 ಕಿಲೋ. ಸಾರಜನಕ ಶೇಕಡಾ 46. “ಇದು ಸಾವಯವವೋ ರಾಸಾಯನಿಕವೋ?” ಎಂದೆ. “ರಾಸಾಯನಿಕ!” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ನಿನ್ನೆಯ ಹುಡುಗನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಆಗ ಕಥೆ ಶುರುಮಾಡಿದೆ. ‘ಸಾವಯವ’ ಎಂದರೆ ಅವಯವಗಳಿಂದ ಕೂಡಿದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ರಸಾಯನಶಾಸ್ತ್ರವನ್ನು ಎರಡು ಪಾಲು ಮಾಡಿದ. ಅವಯವಗಳಿರುವ ಜೀವಿಗಳಿಂದ ಸಿಗುವ ಸಕ್ಕರೆ, ಕೊಬ್ಬು, ಹುಳಿ, ಬಣ್ಣ ಒಂದು ಪಾಲು. ಕಲ್ಲು, ಮಣ್ಣು, ಲೋಹ, ಉಪ್ಪು ಇನ್ನೊಂದು ಪಾಲು. ಮೊದಲ ಪಾಲಿನವನ್ನು ಜೀವ ಮಾತ್ರ ತಯಾರಿಸಬಲ್ಲದು, ಅದಕ್ಕೊಂದು ಜೀವಶಕ್ತಿ ಬೇಕು ಎಂಬ ನಂಬಿಕೆ ಆಗಿನದು. 1828ರಲ್ಲಿ ಬರ್ಲಿನ್ನಿನ ಒಂದು ವೃತ್ತಿಶಿಕ್ಷಣ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಇಪ್ಪತ್ತೇಳರ ತರುಣ ಫ್ರೆಡ್ರಿಕ್ ವ್ಯೋಲರ್, ಅಮೋನಿಯಂ ಸಯನೇಟ್ ಎಂಬ ಲವಣ ಮಾಡಲು ಹೊರಟ. ಸಿಕ್ಕಿದ್ದು ಬೇರೆಯೇ ಬಿಳಿ ಹರಳು. ಪರೀಕ್ಷಿಸಿ ನೋಡಿದರೆ ಅದು ಯೂರಿಯಾ. ಮೂತ್ರದಲ್ಲಿ ಸಿಗುವ, ಮೊದಲ ಪಾಲಿಗೆ ಸೇರಿದ ಯೂರಿಯಾ! ಮನುಷ್ಯನದೋ ನಾಯಿಯದೋ ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಬಲ್ಲೆ ಎಂದು ಅವನು ತನ್ನ ಗುರು ಬರ್ಜೀಲಿಯಸ್‌ಗೇ ಪತ್ರ ಬರೆದ.

ಅವನೂ ಒಬ್ಬ ಮೇಷ್ಟ್ರು ಎಂಬ ಭಾಗವನ್ನು ನಾನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಅದು ನನ್ನ ಸ್ವಂತ ಸಮಾಧಾನಕ್ಕೆ.

ಇಲ್ಲಿ ಇನ್ನೊಂದು ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಮೋನಿಯಂ ಸಯನೇಟ್‌ನಲ್ಲೂ ಯೂರಿಯಾದಲ್ಲೂ ಇರುವುದು ಅವೇ ಪರಮಾಣುಗಳು: ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಬೇರೆಯಾದದ್ದು ಜೋಡಣೆ ಮಾತ್ರ. ಸಮಾಂಗತೆ ಎಂಬ ಪದವನ್ನು ನಾನು ಮೊದಲು ಹೇಳಲಿಲ್ಲ. ಕರಿಹಲಗೆಯ ಮೇಲೆ ‘ರಸ’ ಎಂದು ಬರೆದೆ, ಕೆಳಗೆ ‘ಸರ’ ಎಂದು ಬರೆದೆ. ಅವೇ ಎರಡು ಅಕ್ಷರ. ಒಂದನ್ನು ಕುಡಿಯಬಹುದು, ಇನ್ನೊಂದನ್ನು ಕೊರಳಿಗೆ ಹಾಕಿಕೊಳ್ಳಬಹುದು. ಆಮೇಲೆ ಮಕ್ಕಳೇ ಶುರುಮಾಡಿದರು. ಜಗ-ಗಜ, ನವ-ವನ, ಕಪಿ-ಪಿಕ. ಕೊನೆಯದಕ್ಕೆ ಗುಡಿಸು ಎಲ್ಲಿ ಹೋಗಬೇಕು ಎಂದು ಜಗಳವಾಯಿತು. ಬ್ಯೂಟೇನ್‌ನ ಎರಡು ರೂಪಗಳನ್ನು ಬಿಡಿಸಲು ಆ ದಿನ ಐದು ನಿಮಿಷವೂ ಹಿಡಿಯಲಿಲ್ಲ.

ಮಾತು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಥೆಯ ಹುಮ್ಮಸ್ಸಿನಲ್ಲಿ ನಾನು ಇನ್ನೊಂದು ಮಾತು ಸೇರಿಸಿದೆ: “ಅಣುವಿಗೆ ತವರು ಗೊತ್ತಿರುವುದಿಲ್ಲ. ಗಂಜಲದಿಂದ ಬಂದ ಯೂರಿಯಾ, ಕಾರ್ಖಾನೆಯಿಂದ ಬಂದ ಯೂರಿಯಾ, ಎರಡೂ ಒಂದೇ.”

ವಾರ ಕಳೆಯಿತು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಆ ಹುಡುಗನ ತಂದೆ ಶಾಲೆಗೆ ಬಂದರು. ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸಿ, ಶಿಕ್ಷಕರ ಕೊಠಡಿಯ ಬಾಗಿಲಲ್ಲೇ ನಿಂತರು. ಕೋಪದಲ್ಲಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು.

“ಮೇಡಂ, ನನ್ನ ಮಗ ಜೀವಾಮೃತಕ್ಕೆ ಗಂಜಲ ಹಿಡಿಯಲು ಒಪ್ಪುತ್ತಿಲ್ಲ. ಎರಡೂ ಒಂದೇ ಎಂದು ಮೇಡಂ ಹೇಳಿದ್ದಾರೆ, ಒಂದು ಚೀಲ ತಂದು ಎರಚಿದರೆ ಮುಗಿಯಿತಲ್ಲ ಎನ್ನುತ್ತಾನೆ.”

ಹುಡುಗ ನನ್ನ ಮಾತನ್ನು ತನ್ನ ಸೋಮಾರಿತನಕ್ಕೆ ಸಾಕ್ಷಿ ಮಾಡಿಕೊಂಡಿದ್ದ. ನಾನು ವಿವರಿಸಲು ಹೊರಟೆ. ಯೂರಿಯಾ ಎಲ್ಲಿಂದಲೇ ಬರಲಿ, ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ, ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಅದೇ, ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಗಿಡದ ಬೇರಿಗೆ ಅದರ ಮೂಲ ತಿಳಿಯುವುದಿಲ್ಲ, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವು ಹೇಳುವುದು ಸರಿಯಿರಬಹುದು ಮೇಡಂ. ಯೂರಿಯಾ ಒಂದೇ ಇರಬಹುದು. ಆದರೆ ಚೀಲದ ಜೊತೆ ಎರೆಹುಳು ಬರುವುದಿಲ್ಲ.”

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಣುವಿನ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ. ತೋಟದ ಬಗ್ಗೆ ನಾನು ಏನೂ ಹೇಳಿರಲಿಲ್ಲ. ಮಕ್ಕಳು ಕೇಳಿಸಿಕೊಂಡದ್ದು ತೋಟದ ಬಗ್ಗೆ. ಯೂರಿಯಾ ನೈಟ್ರೇಟ್ ಆಗುವಾಗ ಮಣ್ಣು ಹುಳಿಯಾಗುತ್ತದೆ. ಮೊದಲೇ ಆಮ್ಲೀಯವಾದ ಕೊಡಗಿನ ಮಣ್ಣಿಗೆ ತೋಟದವರು ಸುಣ್ಣ ಹಾಕುವುದು ಅದಕ್ಕಾಗಿಯೇ ತಾನೇ? ಅದನ್ನೂ ಅದೇ ತರಗತಿಯಲ್ಲಿ ಹೇಳಬಹುದಿತ್ತು. ಈಗ ಚೀಲ ತೋರಿಸಿದ ದಿನ ಎರಡನ್ನೂ ಹೇಳುತ್ತೇನೆ. ಎರೆಹುಳುವಿನ ಮಾತನ್ನೂ ಹೇಳುತ್ತೇನೆ, ಯಾರು ಹೇಳಿದ್ದು ಎಂದು ಮಾತ್ರ ಹೇಳುವುದಿಲ್ಲ. ಮೊದಲ ಸಲ ಹೇಳಿದಾಗ ಆ ಹುಡುಗ ತಲೆತಗ್ಗಿಸಿ ನಕ್ಕಿದ್ದ.

ನಮ್ಮ ಶಾಲೆಯಲ್ಲಿ ಅಣುಗಳ ಮಾದರಿ ಪೆಟ್ಟಿಗೆ ಇಲ್ಲ. ಡಿಸೆಂಬರ್ ಬಂದರೆ ಅದರ ಕೊರತೆ ಕಾಣುವುದೂ ಇಲ್ಲ, ಅರೇಬಿಕಾ ಹಣ್ಣಾಗಿರುತ್ತದೆ. ಹಸಿರು ಕಾಫಿ ಕಾಯಿ ಕಾರ್ಬನ್, ಕೆಂಪು ಹಣ್ಣು ಆಕ್ಸಿಜನ್, ಹಸಿ ಕಾಳುಮೆಣಸು ಹೈಡ್ರೋಜನ್, ಪೊರಕೆ ಕಡ್ಡಿಯ ತುಂಡು ಬಂಧ. ಕಾರ್ಬನ್‌ಗೆ ನಾಲ್ಕು ಕಡ್ಡಿ, ಆಕ್ಸಿಜನ್‌ಗೆ ಎರಡು, ಕಾಳುಮೆಣಸಿಗೆ ಒಂದು. ಇಷ್ಟೇ ನಿಯಮ. ಯಾವ ಕಡ್ಡಿಯ ತುದಿಯೂ ಖಾಲಿ ಇರಕೂಡದು. ಸೂತ್ರ ಹೇಳದೆ ಹೀಗೆ ಬಿಟ್ಟರೆ ಮಕ್ಕಳು ಅರ್ಧ ಗಂಟೆಯಲ್ಲಿ ಮೀಥೇನ್‌ನಿಂದ ಹೆಕ್ಸೇನ್‌ವರೆಗೆ ಹೋಗುತ್ತಾರೆ. ಕವಲು ಒಡೆಸುತ್ತಾರೆ, ಉಂಗುರ ಮಾಡುತ್ತಾರೆ. ಕಾರ್ಬನ್ ಒಂದಕ್ಕೊಂದು ಕೈಹಿಡಿದು ಎಷ್ಟುದ್ದ ಬೇಕಾದರೂ ಹೋಗಬಲ್ಲದು ಎಂಬುದನ್ನು ನಾನು ಹೇಳುವ ಪ್ರಸಂಗವೇ ಬರುವುದಿಲ್ಲ, ಮೆಣಸು ಮುಗಿದುಹೋಗಿ ಕೂಗಾಡುವಾಗ ಅವರಿಗೇ ತಿಳಿದಿರುತ್ತದೆ.

ಮೊದಲ ವರ್ಷ ಈ ಮಾದರಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟು ಪುತ್ತರಿ ರಜೆಗೆ ಹೋದೆವು. ಬಂದು ಬಿಚ್ಚಿದರೆ ಗಮ್ಮೆಂದು ಹುಳಿ ಹೆಂಡದ ವಾಸನೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಮೂಗು ಹಿಡಿಯದೆ ಬಗ್ಗಿ ಮೂಸಿದಳು. “ಪಲ್ಪರ್ ಮನೆಯ ವಾಸನೆ ಮೇಡಂ” ಎಂದಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ ಅದು. ಕಾಫಿ ಹಣ್ಣಿನ ಸಿಹಿ ಲೋಳೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿತ್ತು, ಅದರಲ್ಲಿ ಸ್ವಲ್ಪವನ್ನು ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲದವರೆಗೂ ಕೊಂಡೊಯ್ದಿದ್ದವು. ಎಥನಾಲ್‌ನ ಮಾದರಿ ತಾನೇ ಎಥನಾಲ್ ಆಗತೊಡಗಿತ್ತು. ಅದಕ್ಕಿಂತ ಒಳ್ಳೆಯ ಬೋಧನೋಪಕರಣ ನನಗೆ ಮತ್ತೆ ಸಿಕ್ಕಿಲ್ಲ. ಮುಖ್ಯೋಪಾಧ್ಯಾಯರು ಕಪಾಟು ತೊಳೆಸಿದರು.

ಹುಳಿಯ ಪಾಠಕ್ಕೆ ಇಲ್ಲಿ ಬೇರೆ ಆಮ್ಲ ಹುಡುಕಬೇಕಾಗಿಲ್ಲ. ಮಲೆನಾಡಿನವರು ಉಪ್ಪಾಗೆ ಎನ್ನುವ ಪಣಪುಳಿಯ ರಸವನ್ನು ಕುದಿಸಿ ಕಪ್ಪಗೆ ಇಳಿಸಿದ ಕಾಚಂಪುಳಿ ಒಂದಲ್ಲ ಒಂದು ಮನೆಯಿಂದ ಬರುತ್ತದೆ. ಅದಕ್ಕೆ ಅಡುಗೆ ಸೋಡಾ ಹಾಕಿದರೆ ಬುಸ್ಸೆಂದು ನೊರೆ. ಹೊರಬಂದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಾಗುತ್ತದೆ. ಪುಸ್ತಕ ಎಥನೋಯಿಕ್ ಎನ್ನುವ ಅದೇ ಅಸಿಟಿಕ್ ಆಮ್ಲಕ್ಕೆ ಹುಳಿ ಕೊಡುವ ಕಾರ್ಬಾಕ್ಸಿಲ್ ಗುಂಪು ಒಂದು, ಕಾಚಂಪುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಮೂರು. ಒಂದೇ ಹನಿ ಕಾಚಂಪುಳಿ ಯಾಕೆ ಇಡೀ ಸಾರನ್ನು ಎಬ್ಬಿಸುತ್ತದೆ ಎಂದು ಮನೆಯಲ್ಲಿ ಅಜ್ಜಿಗೆ ವಿವರಿಸಿದವರೂ ಇದ್ದಾರೆ. ಅಜ್ಜಿಯರು ಅದನ್ನು ಹೇಗೆ ತೆಗೆದುಕೊಂಡರೋ.

ಆಲ್ಕೋಹಾಲ್ ಮತ್ತು ಆಮ್ಲ ಕೂಡಿ ಆಗುವ ಎಸ್ಟರ್‌ನದು ಬೇರೆ ಕಥೆ. ಎಥನಾಲ್, ಎಥನೋಯಿಕ್ ಆಮ್ಲ, ಎರಡು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ. ಎಥನಾಲ್‌ಗೆ ಬೆಂಕಿ ತಾಗಬಾರದೆಂದು ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿಟ್ಟು ಕಾಯಿಸುವುದು. ಕೊನೆಗೆ ಸೋಡಾ ಬೆರೆಸಿದ ನೀರಿಗೆ ಸುರಿದು, ಕೈಯಿಂದ ಗಾಳಿ ಬೀಸಿಕೊಂಡು ಮೂಸುವುದು. ಹಣ್ಣಿನಂಥ ಸುವಾಸನೆ ಎಂದು ಪುಸ್ತಕ ಹೇಳುತ್ತದೆ. ನನ್ನ ಮಕ್ಕಳು ಒಪ್ಪಲಿಲ್ಲ. ಉಗುರುಬಣ್ಣ ಅಳಿಸುವ ದ್ರವ ಎಂದರು ಹುಡುಗಿಯರು. ಪೇಂಟ್ ಎಂದ ಒಬ್ಬ. ಪರೀಕ್ಷೆಯಲ್ಲಿ ಏನು ಬರೆಯಬೇಕು ಎಂದು ಕೇಳಿದವಳಿಗೆ, ಹಣ್ಣು ಎಂದೇ ಬರೆ, ಆದರೆ ನಿನ್ನ ಮೂಗನ್ನು ನಂಬುವುದನ್ನು ಬಿಡಬೇಡ ಎಂದೆ. ಶಿಕ್ಷಕಿಯಾಗಿ ಅದು ಅಷ್ಟು ಧೈರ್ಯದ ಉತ್ತರವಲ್ಲ ಎಂದು ಬಲ್ಲೆ.

ಮುಂದಿನ ವಾರ ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳಿಂದ ಸ್ವಲ್ಪ ಐಸೋಅಮೈಲ್ ಆಲ್ಕೋಹಾಲ್ ತಂದು ಎಥನಾಲ್ ಬದಲು ಅದನ್ನು ಹಾಕಿದೆ. ಈ ಸಲ ತಕರಾರಿಲ್ಲ. ಬಾಳೆಹಣ್ಣು, ಅದೂ ಕಳಿತ ಬಾಳೆಹಣ್ಣು. ಕೋಣೆಯೆಲ್ಲ ಹರಡಿತು. ಆಗ ಕಿಟಕಿಯ ಪಕ್ಕದ ಹುಡುಗನೊಬ್ಬ, ವರ್ಷವಿಡೀ ಹತ್ತು ಮಾತು ಆಡಿರದವನು, ಎದ್ದು ನಿಂತ.

“ಮೇಡಂ, ಇದು ಜೇನು ಕುಟುಕಿದಾಗ ಬರುವ ವಾಸನೆ.”

ಅವರ ಮನೆಯಲ್ಲಿ ಹತ್ತು ಜೇನು ಪೆಟ್ಟಿಗೆಗಳಿವೆ. ಒಂದು ನೊಣ ಕುಟುಕಿದರೆ ಅಲ್ಲಿಂದ ಬಾಳೆಹಣ್ಣಿನ ವಾಸನೆ ಏಳುತ್ತದೆ, ಆಮೇಲೆ ಉಳಿದವು ಅಲ್ಲಿಗೇ ಮುತ್ತುತ್ತವೆ, ಅದಕ್ಕೇ ಬಾಳೆಹಣ್ಣು ತಿಂದು ಪೆಟ್ಟಿಗೆ ತೆರೆಯಬಾರದು ಎಂದು ಅವನ ಅಜ್ಜ ಹೇಳುತ್ತಾರಂತೆ. ಜೇನುನೊಣದ ಅಪಾಯದ ಕರೆಯಲ್ಲಿ ಮುಖ್ಯವಾಗಿ ಇರುವುದು ನಾವು ಆಗತಾನೇ ಮಾಡಿದ ಎಸ್ಟರ್, ಅಂದರೆ ಐಸೋಅಮೈಲ್ ಅಸಿಟೇಟ್ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 1962ರಲ್ಲಿ. ನಾನು ಅದನ್ನು ಓದಿ ತಿಳಿದಿದ್ದೆ, ಮೂಸಿ ಅಲ್ಲ. ಈ ಹುಡುಗ ಓದದೆಯೇ ತಿಳಿದಿದ್ದ. ಆ ದಿನ ಅವನೇ ಪಾಠ ಮಾಡಿದ. ನೊಣ ಕುಟುಕಿದ ಮೇಲೆ ಕೊಂಡಿಯನ್ನು ಉಗುರಿನಲ್ಲಿ ಹೇಗೆ ಕೆರೆದು ತೆಗೆಯಬೇಕು, ಹೊಗೆ ಹಾಕಿದರೆ ಯಾಕೆ ಸುಮ್ಮನಾಗುತ್ತವೆ, ಎಲ್ಲವನ್ನೂ. ಹೊಗೆ ಆ ವಾಸನೆಯನ್ನು ಮರೆಮಾಚುತ್ತದೆ ಎಂದು ನಾನು ಕೊನೆಗೆ ಒಂದು ಸಾಲು ಸೇರಿಸಿದೆ, ನನ್ನ ಪಾಲಿಗೆ ಉಳಿದದ್ದು ಅಷ್ಟೇ.

ಮೂಗಿಗೆ ಸುಲಭವಾದದ್ದು ನಾಲಿಗೆಗೆ ಸುಲಭವಲ್ಲ. ಈಥೇನ್, ಈಥೀನ್, ಈಥೈನ್. ಒಂದೇ ಬಂಧವಿದ್ದರೆ ಥೇ, ಎರಡಿದ್ದರೆ ಥೀ, ಮೂರಿದ್ದರೆ ಥೈ. ಕನ್ನಡದಲ್ಲಿ ಕಾಗುಣಿತ ತಪ್ಪಿದರೆ ಸಾಮಾನ್ಯವಾಗಿ ಅರ್ಧ ಅಂಕ ಹೋಗುತ್ತದೆ. ಇಲ್ಲಿ ಬಂಧವೇ ಹೋಗುತ್ತದೆ. ನನ್ನ ತರಗತಿಯಲ್ಲಿ ಮನೆಮಾತು ಕೊಡವ, ಅರೆಭಾಷೆ, ಯರವ, ತುಳು, ಮಲಯಾಳಂ, ತಮಿಳು, ಬ್ಯಾರಿ. ಕನ್ನಡವನ್ನು ಶಾಲೆಯಲ್ಲೇ ಕಲಿತವರು ಅರ್ಧಕ್ಕಿಂತ ಹೆಚ್ಚು. ಕೊಂಬು ಗುಡಿಸುಗಳೊಂದಿಗೆ ಇನ್ನೂ ಹೆಣಗಾಡುತ್ತಿರುವವರ ಕೈಗೆ ನಾವು ಪ್ರೊಪೇನ್, ಪ್ರೊಪೀನ್, ಪ್ರೊಪೈನ್ ಕೊಡುತ್ತೇವೆ. ಕೊನೆಗೆ ಅದನ್ನು ಭರತನಾಟ್ಯದ ಸೊಲ್ಲಿನಂತೆ ಚಪ್ಪಾಳೆ ತಟ್ಟಿ ಹೇಳಿಸಿದೆ: ಥೇ, ಥೀ, ಥೈ. ಪಕ್ಕದ ಕೋಣೆಯ ಸಮಾಜ ಶಿಕ್ಷಕರು ಶಾಲಾ ವಾರ್ಷಿಕೋತ್ಸವಕ್ಕೆ ತಾಲೀಮು ನಡೆಯುತ್ತಿದೆ ಎಂದುಕೊಂಡರಂತೆ.

‘ಪರ್ಯಾಪ್ತ’, ‘ಅಪರ್ಯಾಪ್ತ’ ಎಂಬ ಪದಗಳ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಯಾವ ಅಡುಗೆಮನೆಯಲ್ಲೂ ಯಾವ ಸಂತೆಯಲ್ಲೂ ಕೇಳದ ಪದಗಳು. ಹೊಟ್ಟೆ ತುಂಬಿದ ಅಣು, ಇನ್ನೂ ಎರಡು ತುತ್ತಿಗೆ ಜಾಗವಿರುವ ಅಣು ಎಂದು ಹೇಳಿದರೆ ತಟ್ಟನೆ ಹಿಡಿಯುತ್ತಾರೆ. ನಿಕ್ಕಲ್ ಇಟ್ಟು ಎಣ್ಣೆಗೆ ಹೈಡ್ರೋಜನ್ ಉಣ್ಣಿಸಿದರೆ ಅದು ಗಟ್ಟಿಯಾಗಿ ವನಸ್ಪತಿ ಆಗುತ್ತದೆ ಎಂದರೆ ಅದೂ ಅರ್ಥವಾಗುತ್ತದೆ. ಆದರೆ ಉತ್ತರಪತ್ರಿಕೆಯಲ್ಲಿ ಹೊಟ್ಟೆ ತುಂಬಿದ ಅಣು ಎಂದು ಬರೆಯುವಂತಿಲ್ಲ. ಮುಂದಿನ ವರ್ಷ ಪಿಯುಸಿಗೆ ಹೋದರೆ ಅದೇ ಪದ ಇಂಗ್ಲಿಷಿನಲ್ಲಿ ಬರುತ್ತದೆ. ಕಳೆದ ವರ್ಷದ ಒಬ್ಬ ವಿದ್ಯಾರ್ಥಿನಿ ಬಸ್ ನಿಲ್ದಾಣದಲ್ಲಿ ಸಿಕ್ಕಿ ಹೇಳಿದಳು: “ಅನ್‌ಸ್ಯಾಚುರೇಟೆಡ್ ಎಂದರೆ ನೀವು ಹೇಳಿಕೊಟ್ಟ ಅಪರ್ಯಾಪ್ತವೇ ಎಂದು ತಿಳಿಯುವಷ್ಟರಲ್ಲಿ ಮೂರು ತಿಂಗಳಾಗಿತ್ತು ಮೇಡಂ.” ಆವತ್ತಿನಿಂದ ಕರಿಹಲಗೆಯ ಬಲಬದಿಯಲ್ಲಿ ಒಂದು ಗೆರೆ ಎಳೆದು, ಪ್ರತಿ ಪದದ ಇಂಗ್ಲಿಷ್ ರೂಪವನ್ನೂ ಬರೆದಿಡುತ್ತೇನೆ. ಅದನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ, ಗಣಿತದವರಿಗೂ ಇಲ್ಲ.

ಇನ್ನು ಆ ಸೀಸೆ.

ಶುದ್ಧ ಎಥನೋಯಿಕ್ ಆಮ್ಲದ ದ್ರವನಬಿಂದು 290 ಕೆಲ್ವಿನ್, ಚಳಿ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಆದ್ದರಿಂದಲೇ ಅದಕ್ಕೆ ಗ್ಲೇಸಿಯಲ್ ಅಸಿಟಿಕ್ ಆಮ್ಲವೆಂಬ ಹೆಸರು. ಪಠ್ಯದಲ್ಲಿ ಇರುವುದು ಇಷ್ಟು. ಹಿರಿಯೂರಿನಲ್ಲಿ ಆರು ವರ್ಷ ಈ ಸಾಲನ್ನು ಓದಿಸಿದ್ದೆ. ಅಲ್ಲಿನ ಬಿಸಿಲಿನಲ್ಲಿ ಅದು ಹಿಮಾಲಯದ ಕಡೆಯ ಸಮಾಚಾರ. ಇಲ್ಲಿ ಬಂದ ಮೊದಲ ಜನವರಿಯಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಮಂಜು ಕಿಟಕಿಯೊಳಗೂ ಬಂದಿತ್ತು. ಮಕ್ಕಳು ಸ್ವೆಟರ್ ತೋಳಿನೊಳಗೆ ಬೆರಳು ಎಳೆದುಕೊಂಡು ಕೂತಿದ್ದರು. ಗೋಡೆಯ ಉಷ್ಣಮಾಪಕ 13 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಅದೇ ತಿಂಗಳು ಬಂದಿದ್ದ, ಇನ್ನೂ ಮುಚ್ಚಳ ತೆರೆಯದ ಅರ್ಧ ಲೀಟರ್ ಸೀಸೆಯನ್ನು ಕಪಾಟಿನಿಂದ ತೆಗೆದೆ. ಒಳಗೆ ನೀರಿನಂತೆ ತಿಳಿಯಾಗಿತ್ತು. ನನಗೆ ಸ್ವಲ್ಪ ನಿರಾಸೆಯೂ ಆಯಿತು. ಕೆಲ್ವಿನ್‌ನ 290ರಿಂದ 273 ಕಳೆದರೆ 17 ಡಿಗ್ರಿ ಸೆಲ್ಸಿಯಸ್, 13ಕ್ಕೆ ಗಟ್ಟಿಯಾಗಿರಬೇಕಿತ್ತಲ್ಲ?

ಸೀಸೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆನೇನೋ. ತಳದಿಂದ ಒಂದು ಬಿಳಿ ಗರಿ ಎದ್ದಿತು. ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು, ಅದರಿಂದ ಕವಲು, ಕವಲಿನಿಂದ ಕವಲು, ಜರಿಗಿಡದ ಎಲೆ ಬಿಚ್ಚಿಕೊಂಡ ಹಾಗೆ. ಯಾರೋ “ಅಯ್ಯೋ” ಎಂದರು. ಬೆಂಚುಗಳು ಸರಿದ ಸದ್ದಾಯಿತು, ಎಲ್ಲರೂ ಮೇಜಿನ ಸುತ್ತ ಬಂದಿದ್ದರು. ಒಂದು ನಿಮಿಷವೂ ಆಗಿರಲಿಲ್ಲ, ಕುತ್ತಿಗೆಯವರೆಗೆ ಸೀಸೆ ಬೆಳ್ಳಗಾಗಿತ್ತು. ಅತಿಯಾಗಿ ತಣಿದರೂ ಹೆಪ್ಪುಗಟ್ಟಲು ಒಂದು ನೆಪ ಸಿಗದೆ ಕಾಯುತ್ತಿದ್ದ ದ್ರವಕ್ಕೆ ನನ್ನ ಅಲುಗಾಟ ನೆಪವಾಗಿತ್ತು. ಸೀಸೆ ಮುಟ್ಟಿದ ಹುಡುಗಿ “ಮೇಡಂ, ಬೆಚ್ಚಗಾಗಿದೆ” ಎಂದಳು. ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ ಎಂದು ಒಂಬತ್ತನೇ ತರಗತಿಯಲ್ಲಿ ಅವಳೇ ಬರೆದ ಉತ್ತರ. ಅವಳಿಗೆ ಅದು ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ.

ವ್ಯೋಲರನ ಶಿಷ್ಯ ಕೋಲ್ಬೆ 1845ರಲ್ಲಿ ನಿರ್ಜೀವ ಕಾರ್ಬನ್‌ನಿಂದ ಶುರುಮಾಡಿ ಹಂತಹಂತವಾಗಿ ಇದೇ ಆಮ್ಲವನ್ನು ಮಾಡಿ ತೋರಿಸಿದ. ಯೂರಿಯಾ ಒಂದೇ ಏಟಿಗೆ ಜೀವಶಕ್ತಿಯ ನಂಬಿಕೆಯನ್ನು ಉರುಳಿಸಲಿಲ್ಲ, ಅದು ಬೀಳಲು ಇಂಥ ಇನ್ನೂ ಹಲವು ಏಟು ಬೇಕಾದವು. ಆ ದಿನ ಅದನ್ನೂ ಹೇಳಬೇಕೆಂದಿದ್ದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಮತ್ತೆ ಜಗಲಿಯಲ್ಲಿಟ್ಟು, ಮತ್ತೆ ಗರಿ ಎಬ್ಬಿಸಲು ನೋಡಿ, ಎರಡು ಅವಧಿ ಹೋಯಿತು.

ಮುಂದಿನ ವರ್ಷ ಹೊಸ ತಂಡಕ್ಕೆ ಇದನ್ನೇ ತೋರಿಸಬೇಕೆಂದು ನಾನು ಚಳಿಗೆ ಕಾದಿದ್ದೆ. ಜನವರಿ ಬಂತು, ಉಷ್ಣಮಾಪಕ 12ಕ್ಕೆ ಇಳಿಯಿತು. ಸೀಸೆಯಲ್ಲಿ ಇನ್ನೂ ಅರ್ಧ ಆಮ್ಲವಿತ್ತು. ಇಟ್ಟೆ, ಕುಟ್ಟಿದೆ, ಅಲುಗಿಸಿದೆ. ಏನೂ ಇಲ್ಲ. ಹಿಂದಿನ ವರ್ಷದವರಿಂದ ಕಥೆ ಕೇಳಿ ಬಂದಿದ್ದ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಯಾಕಿರಬಹುದು ಎಂದು ಅವರನ್ನೇ ಕೇಳಿದೆ. ಚಳಿ ಸಾಲದು ಎಂದರು, ಹಳತಾಗಿದೆ ಎಂದರು. ಮುಚ್ಚಳದ ಒಳಗಿನ ಬಿರಟೆ ಸೀಳಿದ್ದನ್ನು ಮೊದಲು ಕಂಡದ್ದು ಮೂರನೇ ಬೆಂಚಿನ ಹುಡುಗಿ. ಅದನ್ನು ತಿರುಗಿಸಿ ನೋಡಿ, ಕಿಟಕಿಯ ಆಚೆಗೊಮ್ಮೆ ನೋಡಿ ಹೇಳಿದಳು:

“ಮಳೆಗಾಲ ಇಡೀ ತೆರೆದೇ ಇತ್ತು ಮೇಡಂ. ಮಳೆ ಕುಡಿದಿದೆ.”

ಶುದ್ಧ ಆಮ್ಲಕ್ಕೆ ಶೇಕಡಾ ಒಂದರಷ್ಟು ನೀರು ಸೇರಿದರೂ ಅದರ ಹೆಪ್ಪುಗಟ್ಟುವ ಮಟ್ಟ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವ, ಉಪ್ಪಿನ ಡಬ್ಬಿ ನೀರಾಗುವ ಊರು ಇದು. ಅವಳ ಮಾತನ್ನು ಹಾಗೆಯೇ ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಲೆಕ್ಕ ಮಾಡಿದೆವು. ನೂರಕ್ಕೆ ಮೂರು ಪಾಲು ನೀರು ಸೇರಿದ್ದರೂ ಸಾಕಿತ್ತು.

ಹೊಸ ಸೀಸೆಗೆ ಬೇಡಿಕೆ ಪಟ್ಟಿ ಕಳಿಸಿ ಐದು ತಿಂಗಳಾಗಿದೆ. ಈ ಸಲ ಚಳಿ ಬೇಗ ಶುರುವಾಗಿದೆ. ಹಳೆಯದನ್ನು ಎಸೆಯಲು ಮಕ್ಕಳು ಬಿಡುತ್ತಿಲ್ಲ. ಉಷ್ಣಮಾಪಕ ಹತ್ತಕ್ಕೆ ಇಳಿದ ದಿನ ಇನ್ನೊಮ್ಮೆ ಕುಟ್ಟಿ ನೋಡಬೇಕಂತೆ.